ಮಡ್‌ಗಾರ್ಡಿನ ತಗ್ಗು

ಸಾಬಣ್ಣ, ನಿನ್ನನ್ನು ಜೈಲಿಗೆ ಕಳಿಸಿದವನು ನಾನು. ಸಾಹುಕಾರನ ಹೆಸರು ಮುಂದೆ ಮಾಡಿ ಇಷ್ಟು ವರ್ಷ ತಪ್ಪಿಸಿಕೊಂಡೆ — ಇನ್ನು ಆಗದು.

ನಿಜಾಮರ ಕಾಲ. ನಾನು ಲಿಂಗಸುಗೂರಿನಲ್ಲಿ ಮಾಸ್ತರ; ಸೀಸದ ಪುಟ್ಟ ಆಟಿಕೆ ಮೋಟಾರುಗಳನ್ನು ಕೂಡಿಡುವ ಹುಚ್ಚು ನನಗೆ. ರಾಯಚೂರು ಸ್ಟೇಷನ್ನಿಗೆ ಬಂದ ಪಾರ್ಸಲುಗಳನ್ನು ಹುಲ್ಲಿನಲ್ಲಿ ಹುದುಗಿಸಿ ಎತ್ತಿನ ಗಾಡಿಯಲ್ಲಿ ತಂದುಕೊಡುತ್ತಿದ್ದವನು ನೀನೇ. ನಮ್ಮ ರಸ್ತೆಯಲ್ಲಿ ಓಡಾಡುವ ಮೋಟಾರುಗಳನ್ನು ನೋಡಿ, ನನ್ನವಕ್ಕೆ ಅದೇ ಬಣ್ಣ ಬಳಿದು, ಅದೇ ಗೀರು, ಅದೇ ತಗ್ಗು ಮೂಡಿಸುತ್ತಿದ್ದೆ. ಊರೆಲ್ಲ ನಗುತ್ತಿತ್ತು. ನೀನು ಮಾತ್ರ ಒಂದೊಂದನ್ನೂ ಹೊರಳಿಸಿ ನೋಡುತ್ತಿದ್ದೆ.

ಮಸ್ಕಿ ದಾರಿಯಲ್ಲಿ ಸಾಹುಕಾರನ ಮೋಟಾರು ಕುರಿ ಕಾಯುವ ಬೀರಪ್ಪನಿಗೆ ಬಡಿದು ನಿಲ್ಲದೆ ಹೋಯಿತು. ಹಿಂದೆ ಬರುತ್ತಿದ್ದ ನೀನು ಅವನನ್ನು ಗಾಡಿಗೆ ಹಾಕಿಕೊಂಡು ದವಾಖಾನೆಗೆ ತಂದೆ. ದಾರಿಯಲ್ಲೇ ಜೀವ ಹೋಗಿತ್ತು. ನಿನ್ನ ಗಾಡಿಯ ತುಂಬ ರಕ್ತ — ನಿನ್ನನ್ನೇ ಹಿಡಿದರು. ತನ್ನ ಮಡ್‌ಗಾರ್ಡಿನ ತಗ್ಗು ಹಳೆಯದೆಂದ ಸಾಹುಕಾರ.

ಆಗ ನೀನು ಪೊಲೀಸ್ ಅಮೀನರಿಗೆ ಕೈಮುಗಿದು ಹೇಳಿದೆ: "ಮಾಸ್ತರ ಮನ್ಯಾಗ ಸಾಹುಕಾರ್ರ ಮೋಟಾರಿನಂಥಾದ್ದೇ ಸಣ್ಣ ಗಾಡಿ ಐತ್ರಿ. ಹೋದ ವಾರ ಬಣ್ಣ ಹಚ್ಯಾರ. ಅದು ಸುಳ್ಳು ಹೇಳಂಗಿಲ್ರಿ, ತರಿಸಿ ನೋಡ್ರಿ."

ಮರುದಿನ ತರಬೇಕೆಂದು ನನಗೆ ಹುಕುಂ ಆಯಿತು. ನನ್ನದರಲ್ಲಿ ತಗ್ಗಿರಲಿಲ್ಲ; ಬಣ್ಣ ಹಚ್ಚುವಾಗ ಸಾಹುಕಾರನ ಮೋಟಾರಿನಲ್ಲೂ ಇರಲಿಲ್ಲ. ಸಂಜೆ ಸಾಹುಕಾರ ಮನೆಗೆ ಬಂದ. ಬೆದರಿಸಲಿಲ್ಲ — ಬೆದರಿಸಿದ್ದರೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ಕರವಸ್ತ್ರ ಬಿಚ್ಚಿ ಬೊಂಬಾಯಿಯ ಕೆಂಪು ಮೋಟಾರೊಂದನ್ನು ಮೇಜಿನ ಮೇಲಿಟ್ಟ. ಅದರ ಬಾಗಿಲು ತೆರೆಯುತ್ತಿತ್ತು. ಅಂಥದ್ದು ನನ್ನ ಹತ್ತಿರ ಇರಲಿಲ್ಲ.

"ಇಟ್ಕೊಳ್ರಿ ಮಾಸ್ತರ. ನಿಮ್ಮ ಗಾಡ್ಯಾಗೂ ಒಂದು ತಗ್ಗು ಬಿದ್ರ ಸಾಕು."

ಸೀಸ ಮೆತ್ತಗೆ. ಸಣ್ಣ ಸುತ್ತಿಗೆಯ ಒಂದೇ ಪೆಟ್ಟು. ಅದೇ ಜಾಗ, ಅದೇ ಆಕಾರ — ತಪ್ಪದೆ ಬಂತಲ್ಲ ಎಂದು ಆ ಗಳಿಗೆ ನನಗೆ ಸಂತೋಷವೂ ಆಯಿತು. ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಮರುದಿನ ಅಮೀನರು ನನ್ನ ಪುಟ್ಟ ಗಾಡಿಯನ್ನು ನಿನ್ನ ಕೈಗೇ ಕೊಟ್ಟರು. ನೀನು ತಗ್ಗಿನ ಮೇಲೆ ಬೆರಳಾಡಿಸಿ, ನನ್ನ ಮುಖ ನೋಡಿದೆ.

"ಹಂಗಾರ ನನಗ ನೆನಪು ತಪ್ಪೈತ್ರಿ, ಮಾಸ್ತರ."

ನನ್ನನ್ನು ಸುಳ್ಳ ಎನ್ನಲಿಲ್ಲ ನೀನು. ನಾನು ಗಾಡಿಯನ್ನು ಜೇಬಿಗಿಳಿಸಿ ಮನೆಗೆ ಬಂದೆ; ನಿನಗೆ ಸಜೆಯಾಯಿತು.

ಜೈಲಿನಿಂದ ನಿನ್ನ ಹೆಣ ಬಂತು.

ನಿನ್ನ ಮಗಳು ಸಾಲಗುಂದದಲ್ಲಿದ್ದಾಳಂತೆ. ನಾಳೆ ಹೋಗುತ್ತೇನೆ. ತಗ್ಗು ಬಿದ್ದ ಆ ಗಾಡಿಯನ್ನು ಅವಳ ಕೈಗಿಟ್ಟು, "ನಿನ್ನಪ್ಪನ ನೆನಪು ತಪ್ಪಿರಲಿಲ್ಲವಮ್ಮ" ಎಂದು ಹೇಳುತ್ತೇನೆ.