ಪೋಚಮ್ಮನ ಟಗರು ಮೈ ಜಾಡಿಸಲಿಲ್ಲ

ತಾಂಡೂರಿನಲ್ಲಿ ನನ್ನದೊಂದು ಕುರಿ ಔಷಧಿಯ ಅಂಗಡಿಯಿದೆ. ಇಷ್ಟು ವರ್ಷ ಅಲ್ಲಿ ಕೂತು ನಾನು ಕಲಿತದ್ದು ಒಂದೇ: ಕುರಿ ಬದುಕಿದರೆ ಊರದೇವಿ ಪೋಚಮ್ಮ ಬದುಕಿಸಿದಳು, ಸತ್ತರೆ ನನ್ನ ಔಷಧಿ ಕೊಂದಿತು. ಜಂತಿನ ಔಷಧಿ ನಾನು ಕೊಡುತ್ತೇನೆ, ತೆಂಗಿನಕಾಯಿ ಊರ ಹೊರಗೆ ಬೇವಿನ ಗಿಡದ ಕೆಳಗೆ ಕೂತ ಆಕೆಗೆ ಹೋಗುತ್ತದೆ. ಹೊರಗಿನವರದು ಬಿಡಿ, ಮನೆಯಲ್ಲೂ ಇದೇ ಕಥೆ. ಕರಣಕೋಟದ ಹತ್ತಿರ ನಮ್ಮೂರಲ್ಲಿ ಅಣ್ಣ ಇನ್ನೂ ಕುರಿ ಸಾಕುತ್ತಾನೆ. ಔಷಧಿ ನನ್ನಿಂದ ಪುಕ್ಕಟೆ ಒಯ್ಯುತ್ತಾನೆ, ಹರಕೆ ಆಕೆಗೆ ತೀರಿಸುತ್ತಾನೆ.

ಇದನ್ನೆಲ್ಲ ನಗುತ್ತಲೇ ಹೇಳಿಕೊಂಡು ತಿರುಗುತ್ತಿದ್ದೆ. ಅವ್ವನ ಕಣ್ಣಿಗೆ ಪೊರೆ ಬಂದ ಮೇಲೆ ನಗು ಹೋಯಿತು. ಎಡಗಣ್ಣು ಪೂರ್ತಿ ಮಂಜಾಗಿ ಬಲಗಣ್ಣಿಗೂ ಹಬ್ಬಿತ್ತು. ರೊಟ್ಟಿ ಮಾಡಲು ಹೋಗಿ ಕೈ ಸುಟ್ಟುಕೊಂಡಿದ್ದಳು. ಆಪರೇಷನ್ನಿಗೆ ಕೊಟ್ಟ ತಾರೀಖನ್ನು ಎರಡು ಸಲ ತಪ್ಪಿಸಿದಳು. ಇನ್ನೂ ತಡಮಾಡಿದರೆ ಕಷ್ಟ ಎಂದು ಡಾಕ್ಟರು ನನ್ನನ್ನೇ ಬೈದರು. ಅವ್ವ ಮಾತ್ರ ಹಟ ಬಿಡಲಿಲ್ಲ.

“ಪೋಚಮ್ಮಗ ಟಗರು ಬೇಡ್ಕೊಂಡೀನಿ. ಅಕಿ ಹೂಂ ಅಂದ್ರ ಮರುದಿನಾನೇ ಬರ್ತೀನಿ. ಒಲ್ಲೆ ಅಂದ್ರ ಹೋಗ್ಲಿ ಬಿಡು ಕಣ್ಣು.”

ದೇವಿ ಹೂಂ ಅನ್ನುವುದು ಹೇಗೆಂದರೆ, ಟಗರಿನ ಬೆನ್ನಿಗೆ ಅರಿಸಿನದ ನೀರು ಹಾಕಬೇಕು, ಅದು ಮೈ ಜಾಡಿಸಬೇಕು. ಜಾಡಿಸಿದರೆ ಆಕೆ ಒಪ್ಪಿದಳು, ಇಲ್ಲವಾದರೆ ಇಲ್ಲ. ನನ್ನ ತಾಯಿಯ ಕಣ್ಣು ಒಂದು ಟಗರಿನ ಮರ್ಜಿಯ ಮೇಲೆ ನಿಂತಿತ್ತು!

ಮೂರನೆಯ ಸಲ ಕೊಟ್ಟ ತಾರೀಖಿನ ಹಿಂದಿನ ದಿನ ಎಲ್ಲರೂ ಬೇವಿನ ಗಿಡದ ಹತ್ತಿರ ಸೇರಿದೆವು. ಕಡು ಬೇಸಿಗೆ. ಅಣ್ಣ ಚೊಂಬಿನಿಂದ ನೀರು ಸುರಿದ. ಟಗರು ಅಲುಗಲಿಲ್ಲ. ಮತ್ತೆ ಸುರಿದ. ಅದು ಕಣ್ಣು ಅರೆಮುಚ್ಚಿ ಹಾಯಾಗಿ ನಿಂತಿತು. ಅಂಥ ಬಿಸಿಲಲ್ಲಿ ಯಾರಾದರೂ ತಣ್ಣೀರು ಹಾಕಿದ್ದರೆ ನಾನೂ ಹಾಗೇ ನಿಲ್ಲುತ್ತಿದ್ದೆ. ಹಲಗೆಯವರು ಬಾರಿಸಿ ಬಾರಿಸಿ ಸುಸ್ತಾದರು. ಏನೋ ತಪ್ಪಾಗಿದೆ ಎಂದು ಜನ ಗುಸುಗುಸು ಶುರುಮಾಡಿದರು. “ಒಲ್ಲೆ ಅಂದ್ಳು,” ಎಂದು ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಣ್ಣ ನನ್ನ ಕಡೆ ತಿರುಗಿದ.

“ನೀ ಆಚಿ ಹೋಗಿ ನಿಂದ್ರು. ನಂಬದವ ಎದುರಿಗಿ ನಿಂತ್ರ ಅಕಿ ಹ್ಯಾಂಗ ಒಪ್ತಾಳ?”

ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಕೈಯಿಂದ ಚೊಂಬು ಕಸಿದುಕೊಂಡೆ.

“ನೋಡ್ರಿ ಎಲ್ಲಾರೂ! ಕಿವ್ಯಾಗ ನೀರು ಹೋದ್ರ ಯಾವ ಕುರಿ ಆದ್ರೂ ಜಾಡಸ್ತದ. ಇದರಾಗ ದೇವ್ರೂ ಇಲ್ಲ, ಗೀವ್ರೂ ಇಲ್ಲ!”

ಹಾಗೆ ಕೂಗಿ, ಎಲ್ಲರ ಕಣ್ಣೆದುರೇ ಟಗರಿನ ಕಿವಿಗೆ ನೀರು ಬಿಟ್ಟೆ. ಅದು ಕೊಂಬಿನಿಂದ ಬಾಲದವರೆಗೆ ಜಾಡಿಸಿತು. ನನ್ನ ಬಿಳಿ ಅಂಗಿಯೆಲ್ಲ ಹಳದಿಯಾಯಿತು.

ಹಲಗೆಗಳಿಗೆ ಹುಚ್ಚು ಹಿಡಿಯಿತು. ಹೆಂಗಸರು ನೆಲಕ್ಕೆ ಹಣೆ ಹಚ್ಚಿದರು. ಅಣ್ಣ ನನ್ನನ್ನು ತಬ್ಬಿಕೊಂಡು ಅತ್ತೇಬಿಟ್ಟ. ನಾನು ಹಾಕಿದ್ದು ಕಿವಿಗೆ, ಕಿವಿಗೆ ಎಂದು ಅರಚುತ್ತಲೇ ಇದ್ದೆ.

“ಹೌದಪಾ, ನಿನ್ನ ಕೈಲೇ ಮಾಡಿಸ್ಯಾಳ. ಎಂಥಾಕಿ ನೋಡು ಅಕಿ!” ಎಂದ ಅಣ್ಣ.

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಈಗ ಧಾರೂರು, ಕೊಡಂಗಲ್ ಕಡೆಯ ನೆಂಟರೂ ಹರಕೆಯ ಟಗರಿಗೆ ನೀರು ಹಾಕಲು ನನ್ನನ್ನೇ ಕರೆಯುತ್ತಾರೆ. ನನ್ನ ಕೈಗುಣ ಒಳ್ಳೆಯದಂತೆ.

ಮರುದಿನ ಆಸ್ಪತ್ರೆಯಲ್ಲಿ ಅವ್ವನಿಗೆ ಹಸಿರು ಅಂಗಿ ತೊಡಿಸಿ, ಕಣ್ಣಿಗೆ ಹನಿ ಹಾಕಿ, ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಯವ್ವಾ, ನಾ ಕಿವ್ಯಾಗ ನೀರು ಹಾಕ್ತೀನಿ ಅಂದಿದ್ದು ನಿನಗ ಕೇಳಿಸಿಲ್ಲೇನು?”

“ಕೇಳಿಸ್ಯಾದ. ನಾ ಕುರಿ ಕಾಯ್ದಿಲ್ಲೇನು? ಅಷ್ಟೂ ಗೊತ್ತಿಲ್ಲೇನು ನನಗ?”

“ಮತ್ತ?”

“ಮತ್ತೇನು? ಎಷ್ಟು ಅಂಜಿಕಿ ಬರಾಕತ್ತದ ನೋಡು ನನಗ. ಅಕಿ ಜೋಡಿಗಿದ್ದಾಳ ಅಂತ ಒಳಗ ಹೋಗ್ತೀನಿ.” ಆಮೇಲೆ ಕೇಳಿದಳು, “ನಿನಗ ಅಂಜಿಕಿ ಬಂದ್ರ ಯಾರ ಹೆಸರು ತೊಗೋತಿ?”

“ಯಾರ್ದೂ ಇಲ್ಲ.”

ಇದ್ದುದರಲ್ಲಿ ಸ್ವಲ್ಪ ಕಾಣುತ್ತಿದ್ದ ಬಲಗಣ್ಣನ್ನು ನನ್ನ ಕಡೆ ತಿರುಗಿಸಿ, ಅವ್ವ ನನ್ನ ಕೆನ್ನೆ ಸವರಿದಳು.

“ಅಯ್ಯ ನನ್ನ ಕೂಸೇ, ಒಬ್ಬನೇ ಅಂಜ್ತೀ?”

ಅಷ್ಟರಲ್ಲಿ ನರ್ಸು ಬಂದು ಅವಳನ್ನು ಕರೆದುಕೊಂಡು ಹೋದಳು. ದೇವರಿಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಎಷ್ಟು ಮಾತು ಬೇಕಾದರೂ ಇವೆ. ನಾಸ್ತಿಕ ಅಂದಿದ್ದಾರೆ, ಸೊಕ್ಕಿನವ ಅಂದಿದ್ದಾರೆ, ಎಲ್ಲದಕ್ಕೂ ತಿರುಗಿ ಕೊಟ್ಟಿದ್ದೇನೆ. ಯಾರೂ ನನ್ನನ್ನು ನೋಡಿ ಅಯ್ಯೋ ಅಂದಿರಲಿಲ್ಲ.

ಅವ್ವನಿಗೆ ಮತ್ತೆ ಕಣ್ಣು ಕಾಣತೊಡಗಿತು. ಆ ಪುಣ್ಯ ಯಾರ ಲೆಕ್ಕಕ್ಕೆ ಹೋಯಿತೆಂದು ಹೇಳಬೇಕಿಲ್ಲ, ಡಾಕ್ಟರೂ ಈಗ ನನ್ನ ಸಾಲಿಗೆ ಸೇರಿದರು. ಅದಕ್ಕೆ ನನಗೆ ಸಿಟ್ಟಿಲ್ಲ. ಇವತ್ತಿಗೂ ಸಿಟ್ಟು ಬರುವುದು ಆ ಬೆಂಚನ್ನು ನೆನೆದಾಗ. ಅವ್ವ ಒಳಗೆ ನಿಶ್ಚಿಂತೆಯಾಗಿ ಮಲಗಿದ್ದಳು. ಹೊರಗೆ ನಾನು ಒಬ್ಬನೇ ಅಂಜುತ್ತ ಕೂತಿದ್ದೆ.