ಸಂಜೆ ಆರರಿಂದ ಎಂಟರವರೆಗೆ ಮಂತ್ರವಿಲ್ಲ

"ನಮ್ಮ ಶಾಲೆಯಲ್ಲಿ ದಿನಾ ಸಂಜೆ ಆರರಿಂದ ಎಂಟರವರೆಗೆ ಮಂತ್ರ ಯಾಕೆ ಕೆಲಸ ಮಾಡುವುದಿಲ್ಲ?"

ಫಿನ್‌ಲ್ಯಾಂಡಿನಲ್ಲಿ ಕೂತ ಒಬ್ಬ ಗಂಡಸು ಇದನ್ನು ಬಹಳ ಗಂಭೀರವಾಗಿ ಕೇಳಿದ್ದ. ಇಂಗ್ಲಿಷಿನಲ್ಲಿ. ಅದನ್ನು ಓದಿ ಜಮಖಂಡಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನು ಒಬ್ಬಳೇ ಬಿದ್ದು ಬಿದ್ದು ನಕ್ಕೆ. ಕೆಳಗಿನ ಮನೆಯ ಮಾಲಕರ ಹೆಂಡತಿ ಮೆಟ್ಟಿಲ ಹತ್ತಿರ ಬಂದು "ಯಾರ ಬಂದಾರ್ರೀ ಅಕ್ಕೋರ?" ಎಂದು ಕೂಗಿ ಕೇಳಿದರು. ಯಾರೂ ಬಂದಿರಲಿಲ್ಲ. ನನ್ನ ಮನೆಗೆ ಯಾರು ಬರುತ್ತಾರೆ?

ತಾಳಿ, ಮೊದಲಿನಿಂದ ಹೇಳುತ್ತೇನೆ.

ಕಳೆದ ವರ್ಷ ನಮ್ಮ ಹೈಸ್ಕೂಲಿನ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಒಂದು ಇಂಗ್ಲಿಷ್ ನಾಟಕ ಬೇಕಿತ್ತು. ಇಂಗ್ಲಿಷ್ ಟೀಚರ್ ನಾನೇ ಆದ್ದರಿಂದ ಹುಡುಕುವ ಕೆಲಸವೂ ನನ್ನದೇ. ಇಂಟರ್‌ನೆಟ್ಟಿನಲ್ಲಿ ನಾಟಕ ಹುಡುಕುತ್ತ ಹೋದವಳು ದಾರಿ ತಪ್ಪಿ ಒಂದು ವೆಬ್‌ಸೈಟಿನೊಳಗೆ ಹೊಕ್ಕೆ. ಅಲ್ಲಿ ಬೇರೆ ಬೇರೆ ದೇಶದ ಜನ ಸೇರಿ ಒಂದು ಮಾಯಾಶಾಲೆ ಕಟ್ಟುತ್ತಿದ್ದರು. ಇಟ್ಟಿಗೆ ಸಿಮೆಂಟಿನದಲ್ಲ, ಬರೀ ಮಾತಿನದು. ಒಬ್ಬರು ಗೋಪುರ ಬರೆಯುತ್ತಾರೆ. ಇನ್ನೊಬ್ಬರು ಅದಕ್ಕೆ ಮೆಟ್ಟಿಲು ಬರೆಯುತ್ತಾರೆ. ಮತ್ತೊಬ್ಬರು ಬಂದು "ಆ ಮೆಟ್ಟಿಲು ಸುಳ್ಳು ಹೇಳುವವರ ಕಾಲಡಿ ಜಾರಬೇಕು" ಎನ್ನುತ್ತಾರೆ. ಎಲ್ಲರೂ ಹೂಂ ಅಂದರೆ ಅದು ಕಾಯಂ. ಶಾಲೆ ಪೂರ್ತಿ ಆದ ಮೇಲೆ ಅದರಲ್ಲಿ ಆಟ ಶುರು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಟೈಪ್ ಮಾಡುತ್ತ, ಆ ಶಾಲೆಯಲ್ಲಿ ಓಡಾಡುವುದು. (ಶಾಲೆ ಇನ್ನೂ ಪೂರ್ತಿ ಆಗಿಲ್ಲ, ಆ ಮಾತು ಬೇರೆ. ನಮ್ಮ ಕಡೆ ಯಾವ ಶಾಲೆಯ ಕಾಂಪೌಂಡ್ ಪೂರ್ತಿ ಆಗಿದೆ?)

ಐವತ್ತರ ಹತ್ತಿರ ಬಂದ ಹೆಂಗಸಿಗೆ ಇದೆಂಥ ಹುಚ್ಚು ಅನ್ನುತ್ತೀರಾ? ಅನ್ನಿ. ಅವ್ವ ತೀರಿಕೊಂಡ ಮೇಲೆ ನನ್ನ ಮನೆಯಲ್ಲಿ ಸಂಜೆ ಅನ್ನುವುದು ಬಹಳ ಉದ್ದ. ಶಾಲೆಯಲ್ಲಿ ಮಾತಾಡಿ ಮಾತಾಡಿ ಗಂಟಲು ಒಣಗಿರುತ್ತದೆ. ಮನೆಗೆ ಬಂದು ಬೀಗ ತೆಗೆದರೆ ಮುಗಿಯಿತು, ಮರುದಿನ ಬೆಳಿಗ್ಗೆ ಹಾಲಿನವನು ಬರುವವರೆಗೆ ಬಾಯಿ ತೆರೆಯುವ ಪ್ರಸಂಗವೇ ಇಲ್ಲ. ನನಗೆ ಒಂಟಿತನ ಕಾಡುತ್ತದೆ. ಅಂಕಣದಲ್ಲಿ ಇದನ್ನೆಲ್ಲ ಬರೆಯಬಾರದು ಅಂತ ಎಲ್ಲಾದರೂ ಇದೆಯಾ?

ಆ ಶಾಲೆಯಲ್ಲಿ ನಾನು ಮಿಸ್ ಮಾರ್ಥಾ ಆದೆ. ಮಂತ್ರಗಳ ವ್ಯಾಕರಣ ಕಲಿಸುವ ಮೇಡಂ. ಮೊದಲ ದಿನವೇ "ಇಲ್ಲಿಯ ಟೀಚರುಗಳಿಗೆ ಟ್ರಾನ್ಸ್‌ಫರ್ ಇದೆಯೇ?" ಎಂದು ಕೇಳಿದೆ. ಯಾರಿಗೂ ಪ್ರಶ್ನೆಯೇ ಅರ್ಥವಾಗಲಿಲ್ಲ. ಟ್ರಾನ್ಸ್‌ಫರ್ ಇಲ್ಲದ ಶಾಲೆ! ಬೇರೆ ಮಾಯೆ ಯಾಕೆ ಬೇಕು?

ನಾನು ಕಟ್ಟಿದ್ದು ಊಟದ ಹಾಲ್. ಅಲ್ಲಿನ ಮೇಜಿಗೆ ಒಂದು ಗುಣ ಕೊಟ್ಟೆ. ಯಾರಾದರೂ ಒಬ್ಬರೇ ಊಟಕ್ಕೆ ಕೂತರೆ ಎದುರಿನ ಕುರ್ಚಿ ತಾನೇ ಸರಿಯಬೇಕು, ಅದರಲ್ಲಿ ಯಾರೋ ಬಂದು ಕೂತು "ಇವತ್ತು ಏನು ಪಲ್ಯ?" ಎಂದು ಕೇಳಬೇಕು. ಗುಂಪಿನಲ್ಲಿದ್ದ ಕೆನಡಾದ ಗಂಡ ಹೆಂಡತಿ ಭೇಷ್ ಅಂದರು. ಫಿನ್‌ಲ್ಯಾಂಡಿನವನೂ ಹೂಂ ಅಂದ. ಒಬ್ಬಳು ಮಾತ್ರ ತಕರಾರು ತೆಗೆದಳು. ಅವಳ ಹೆಸರು ಮೂನ್ ಲೇಡಿ.

"ಒಬ್ಬಳೇ ಕೂತು ಉಣ್ಣಬೇಕು ಎಂದು ಆಸೆ ಇರುವವಳು ಏನು ಮಾಡಬೇಕು, ಮಿಸ್?" ಎಂದು ಬರೆದಳು. ಕುರ್ಚಿ ಮೊದಲು ಅನುಮತಿ ಕೇಳಬೇಕು ಎಂದು ತಿದ್ದುಪಡಿ ಹಾಕಿಸಿದಳು. ಆಮೇಲೆ ತಾನೇ ಒಂದು ಕೋಣೆ ಕಟ್ಟಿದಳು. ಅದರೊಳಗೆ ಹೋಗಿ ಕೂತವರನ್ನು ಹೊರಗಿನಿಂದ ಯಾರೂ ಕರೆಯಲು ಆಗುವುದಿಲ್ಲ. ಕರೆಯಲು ಬಾಯಿ ತೆರೆದರೆ ಹೆಸರೇ ಮರೆತುಹೋಗುತ್ತದೆ. ಅಷ್ಟೇ ಆ ಕೋಣೆಯ ಮಾಯೆ. ಕುರ್ಚಿಯಿಲ್ಲ, ಮಂಚವಿಲ್ಲ, ಏನೂ ಇಲ್ಲ.

ಜಗಳದಿಂದ ಶುರುವಾದದ್ದು ಗೆಳೆತನವಾಯಿತು. ಅವಳ ಇಂಗ್ಲಿಷ್ ಹರಕುಮುರುಕು, ಕಲ್ಪನೆ ಗಟ್ಟಿ. ಬರಬರುತ್ತ ನನಗೊಬ್ಬಳಿಗೇ ಮೆಸೇಜು ಬರೆಯತೊಡಗಿದಳು. ಮನೆಯಲ್ಲಿ ತನ್ನ ಮಾತಿಗೆ ಬೆಲೆಯಿಲ್ಲ. ಅತ್ತೆಯ ಬಾಯಿ ಜೋರು. ಗಂಡ ಒಳ್ಳೆಯವನು, ಆದರೆ ಮಾತಿಲ್ಲ. ಮನೆಯ ಸುತ್ತ ಹಸಿರು ಗೋಡೆ, ಅದರಾಚೆ ಏನೂ ಕಾಣುವುದಿಲ್ಲ. ನಾನು ಇವಳು ಬ್ರೆಜಿಲ್ಲಿನ ಯಾವುದೋ ಕಾಡಿನಂಚಿನ ಹೆಂಗಸು ಅಂದುಕೊಂಡೆ. (ಅತ್ತೆ ಎಲ್ಲ ದೇಶದಲ್ಲೂ ಅತ್ತೆಯೇ ಎಂದು ಸೋಜಿಗವೂ ಆಯಿತು.) ದಿನಾ ಎಂಟು ಗಂಟೆಗೆ ಕರೆಂಟು ಬಂದ ಕೂಡಲೇ ನಾನು ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. ಅವಳ ಮೆಸೇಜು ಇದ್ದರೆ ಅವತ್ತು ಊಟ ರುಚಿ.

ಹೀಗಿರುವಾಗ ಹಾರುವ ಕುದುರೆಗಳ ನಿಯಮ ಬಂತು. ಬರೆದವಳು ಮೂನ್ ಲೇಡಿ. "ಸೋಮವಾರ ಕುದುರೆ ಹೂಡಬಾರದು. ಅವತ್ತು ಮೈ ತೊಳೆದು ಸುಮ್ಮನೆ ಮೇಯಲು ಬಿಡಬೇಕು."

ನನ್ನ ಚಹಾದ ಕಪ್ಪು ಅರ್ಧ ದಾರಿಯಲ್ಲೇ ನಿಂತಿತು. ಸೋಮವಾರ? ನಮ್ಮ ಕಡೆ ಹೊಲದಲ್ಲಿ ಎಷ್ಟೇ ಗಡಿಬಿಡಿ ಇರಲಿ, ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಬ್ರೆಜಿಲ್ಲಿನವರಿಗೆ ಇದನ್ನು ಯಾರು ಹೇಳಿದರು?

ಇರಲಿ ಬಿಡು ಎಂದು ಸುಮ್ಮನಾದೆ. ಮುಂದಿನ ವಾರ ಇನ್ನೊಂದು ನಿಯಮ ಬಂತು. ಶಾಲೆಯಲ್ಲಿ ಸಂಜೆ ಆರರಿಂದ ಎಂಟರವರೆಗೆ ಮಂತ್ರ ಇರುವುದಿಲ್ಲ. ಉಳಿದ ಹೊತ್ತಿನಲ್ಲೂ ಎರಡು ನಮೂನೆ. ಒಂದು ಸಣ್ಣ ಮಂತ್ರ, ಅದರಲ್ಲಿ ದೀಪ ಹತ್ತುತ್ತದೆ, ಅಷ್ಟೇ. ಇನ್ನೊಂದು ದೊಡ್ಡ ಮಂತ್ರ, ಅದರಲ್ಲಿ ಬಾವಿಯ ನೀರು ಮೇಲೇಳುತ್ತದೆ. ದೊಡ್ಡದು ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಬಂದ ಕೂಡಲೇ ಮಲಗಿದವರು ಎದ್ದು ಬಾವಿಗೆ ಓಡಬೇಕು.

ಸಿಂಗಲ್ ಫೇಸ್, ತ್ರೀ ಫೇಸ್! ನಮ್ಮ ಹಳ್ಳಿಗಳ ಕರೆಂಟು!

ಫಿನ್‌ಲ್ಯಾಂಡಿನವನು ಯಾಕೆ ಎಂದು ಕೇಳಿದ್ದು ಆಗಲೇ. ಕೆನಡಾದವರು "ಮಾಯೆಗೂ ಒಂದು ಮಿತಿ! ಎಂಥ ಆಳವಾದ ಕಲ್ಪನೆ!" ಎಂದು ಹೊಗಳಿದರು. ಲೋಡ್ ಶೆಡ್ಡಿಂಗಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ಮೂನ್ ಲೇಡಿಯ ಉತ್ತರ ಇನ್ನೂ ಚಂದ: "ಅದು ಹಾಗೇ. ಯಾಕೆ ಎಂದು ಕೇಳಿದರೆ ಇನ್ನೂ ತಡ ಮಾಡುತ್ತಾರೆ."

ನಗು ನಿಂತ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಅವಳಿಗೆ ಕಳಿಸಿದೆ. "ನೀವು ಯಾವೂರಿನವರ್ರೀ?"

ತಡವಾಗಿ ಉತ್ತರ ಬಂತು. "ಬಾಡಗಂಡಿ ಕಡೆ ರೀ. ನೀವ?"

ಬಾಡಗಂಡಿ! ನಮ್ಮ ಪಕ್ಕದ ಬೀಳಗಿ ತಾಲೂಕು! ಹಸಿರು ಗೋಡೆ ಎಂದರೆ ಕಬ್ಬು. ಹೊಲದ ನಡುವೆ ತೋಟದ ಮನೆ, ನಾಲ್ಕೂ ಕಡೆ ಆಳೆತ್ತರದ ಕಬ್ಬು, ಅದು ಕಡಿದು ಕಾರ್ಖಾನೆಗೆ ಹೋಗುವವರೆಗೆ ಪಕ್ಕದ ಮನೆಯ ದೀಪವೂ ಕಾಣುವುದಿಲ್ಲ. ನಾನು ಜಮಖಂಡಿಯವಳು ಎಂದು ಬರೆದೆ. ಖುಷಿಯಲ್ಲಿ ಸಾಲುಸಾಲು ಉದ್ಗಾರ ಚಿಹ್ನೆ ಹಾಕಿದೆ. ಮಕ್ಕಳು ಯಾರಾದರೂ ಹಾಗೆ ಹಾಕಿದ್ದರೆ ನಾನೇ ಮಾರ್ಕ್ಸ್ ಕಳೆಯುತ್ತಿದ್ದೆ.

ಅವಳು ಬರೆದದ್ದು ಒಂದೇ ಸಾಲು. "ನಾ ನಿಮ್ಮನ್ನ ಲಂಡನ್ ಮೇಡಂ ಅನ್ಕೊಂಡಿದ್ನಿರಿ."

ಆ ಸಾಲಿನಲ್ಲಿ ಒಂದೂ ಉದ್ಗಾರ ಚಿಹ್ನೆ ಇರಲಿಲ್ಲ. ನಾಚಿಕೊಂಡಿದ್ದಾಳೆ ಅಂದುಕೊಂಡೆ. ನಿಮ್ಮ ಮನೆಗೆ ಬರಲೇ ಎಂದು ಕೇಳಿದೆ. "ಬರ್ರಿ," ಎಂದಳು. "ನಾ ಕಲತ ಸಾಲಿ ಅಕ್ಕೋರು ಅಂತ ಮನ್ಯಾಗ ಹೇಳ್ತೇನಿ."

ದಸರಾ ರಜೆಯಲ್ಲಿ ಹೋದೆ. ಬನಹಟ್ಟಿಯ ಹೊಸ ಸೀರೆ ಉಟ್ಟಿದ್ದೆ. ಗೆಳತಿಯ ಮನೆಗೆ ಹೋಗಬೇಕೆಂದು ಸೀರೆ ಆರಿಸಿ ಎಷ್ಟು ವರ್ಷವಾಗಿತ್ತು! ಕಬ್ಬಿನ ನಡುವಿನ ದಾರಿಯಲ್ಲಿ ಅವಳು ನಿಂತಿದ್ದಳು. ಮೂವತ್ತರ ಆಸುಪಾಸು, ತಲೆಯ ಮೇಲೆ ಸೆರಗು, ಕೈಯಲ್ಲಿ ಮೊಬೈಲು. ಹೆಸರು ಶೋಭಾ ಅಂದುಕೊಳ್ಳಿ. (ಹೆಸರೂ ಊರೂ ಬದಲಿಸಿದ್ದೇನೆ. ಹುಡುಕಿಕೊಂಡು ಹೋಗಬೇಡಿ.)

"ಮೂನ್ ಲೇಡಿ?" ಎಂದೆ.

ಅವಳು ಹಿಂದೆ ಮುಂದೆ ನೋಡಿದಳು. "ಅಕ್ಕೋರ, ಆ ಹೆಸರ ಇಲ್ಲಿ ಬ್ಯಾಡ್ರಿ."

ಕುರಿ ಸಾಕಿ, ಹೊಲ ಮಾಡಿಕೊಂಡಿರುವ ಮನೆತನ. ಗೋಡೆಯ ಮೇಲೆ ಬೀರಪ್ಪನ ಫೋಟೊ. ಕಂಬಳಿ ಹಾಸಿ ಕೂಡಿಸಿದರು. ಅತ್ತೆ ನನ್ನ ಹಣೆಗೆ ದೇವರ ಅರಿಶಿನ, ಭಂಡಾರ, ಹಚ್ಚಿದರು. ಬಾಯಿ ಜೋರಿನ ಆ ಅತ್ತೆ! ಒಂದು ವರ್ಷದಿಂದ ನಾನು ಮನಸ್ಸಿನಲ್ಲೇ ಬೈದುಕೊಂಡು ಬಂದ ಹೆಂಗಸು! ತಾವೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದು ಬಿಸಿಬಿಸಿ ನನ್ನ ತಾಟಿಗೆ ಹಾಕಿದರು. ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. "ಇನ್ನೊಂದ ಹಾಕ್ಕೋರಿ, ಮಕ್ಕಳಿಗೆ ಒದರಿ ಒದರಿ ಸೊರಗೀರಿ," ಎಂದರು. ಶೋಭಾಳ ಗಂಡ ಹೊಲದಲ್ಲಿದ್ದ; ಅವಳ ಮೈದುನ, ಅವನ ಹೆಂಡತಿ, ಮಕ್ಕಳು ಎಲ್ಲರೂ ಸುತ್ತ ಕೂತು ಮಾತಾಡಿಸಿದರು. ನಾನು ಬರೆದ ಊಟದ ಹಾಲಿನಲ್ಲೂ ಇಷ್ಟು ಗದ್ದಲ ಇರಲಿಲ್ಲ. ಖರೆ ಹೇಳಬೇಕೆಂದರೆ, ನನಗೆ ಬಹಳ ಸುಖವಾಯಿತು.

ಶೋಭಾ ಮಾತ್ರ ಕೂಡಲೇ ಇಲ್ಲ. "ಶೋಭಾ, ನೀರ ತಾ." "ಶೋಭಾ, ಮಜ್ಜಿಗಿ ಎಲ್ಲೈತಿ?" "ಶೋಭಾ, ಕರಾ ಹಗ್ಗ ಬಿಚ್ಕೊಂಡೈತಿ, ನೋಡ ಹೋಗ." ಯಾರ ಬಾಯಲ್ಲಿ ನೋಡಿದರೂ ಅವಳ ಹೆಸರೇ.

ಇದ್ದಕ್ಕಿದ್ದಂತೆ ಅತ್ತೆ ಕೇಳಿದರು. "ನಮ್ಮ ಸೊಸಿ ಸಾಲ್ಯಾಗ ಹೆಂಗಿದ್ಲರಿ?"

ಇಡೀ ಮನೆ ನನ್ನ ಕಡೆ ತಿರುಗಿತು. ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದ ಶೋಭಾಳ ಮುಖ ಬಿಳಿಚಿಕೊಂಡಿತು.

"ಭಾಳ ಶಾಣ್ಯಾಕಿ ರೀ," ಎಂದೆ. "ಆಕಿ ತಕರಾರ ತಗದ್ಲಂದ್ರ ನಾವೆಲ್ಲಾರೂ ತಿದ್ದಕೋತಿದ್ವಿ. ಖರೆ ಹೇಳ್ತೇನಿ, ಆಕಿ ಇಲ್ಲಾಂದ್ರ ಆ ಸಾಲಿನೇ ನಡೀತಿದ್ದಿಲ್ಲ."

ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅತ್ತೆ ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಹಿಡಿದುಕೊಂಡು ಸೊಸೆಯನ್ನು ನೋಡಿದರು. "ಹೌದೇನ ಬೇ? ಮನ್ಯಾಗ ಒಂದ ಮಾತ ಆಡೂದಿಲ್ಲಲ್ಲ ನೀ!"

ಶೋಭಾ ತಂಬಿಗೆ ಇಟ್ಟು ಹಿತ್ತಲಿಗೆ ಹೋದಳು.

ಬಸ್ಸಿಗೆ ಬಿಡಲು ಅವಳೇ ಬಂದಳು. ಅಂತೂ ಇಬ್ಬರೇ ಸಿಕ್ಕೆವು. ಎರಡೂ ಕಡೆ ಕಬ್ಬಿನ ಗರಿ ಮೈಗೆ ತಾಗುವಷ್ಟು ಇಕ್ಕಟ್ಟಿನ ದಾರಿ. ಆಡಲು ನನ್ನ ಹತ್ತಿರ ರಾಶಿ ಮಾತಿತ್ತು. ಎಲ್ಲಿಂದ ಶುರು ಮಾಡಲಿ ಎನ್ನುವಷ್ಟರಲ್ಲಿ ಅವಳು ನಿಂತಳು.

"ಅಕ್ಕೋರ, ಸಿಟ್ಟ ಮಾಡ್ಕೋಬ್ಯಾಡ್ರಿ. ಇನ್ನ ಬರಬ್ಯಾಡ್ರಿ."

"ಯಾಕ?" ಎಂದೆ.

"ಮಿಸ್ ಮಾರ್ಥಾ ಭಾಳ ದೂರ ಕುಂತಾಳ, ನಮ್ಮ ಮನಿ ಮಂದೀನ ಆಕಿ ಎಂದೂ ನೋಡೂದಿಲ್ಲ ಅಂತ ಎಲ್ಲಾ ಹೇಳಾಕತ್ತಿದ್ನಿರಿ. ಈಗ ನೀವು ನಮ್ಮ ಅತ್ತಿ ಬಡದ ರೊಟ್ಟಿ ಉಂಡ್ರಿ. ಉಂಡು ಛಲೋ ಅಂದ್ರಿ. ಇನ್ನ ನಿಮ್ಮ ಮುಂದ ಅತ್ತಿ ಮಾತ ಹೆಂಗ ಹೇಳ್ಲಿರಿ?"

ರೊಟ್ಟಿ ಛಲೋ ಇತ್ತು.

ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತೆ. ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತ ಒಬ್ಬ ಅಜ್ಜಿ, "ಯಾಕವ್ವಾ, ತವರಮನಿಯಿಂದ ಹೊಂಟಿಯೇನ?" ಎಂದು ಕೇಳಿದಳು. ಆ ಅಜ್ಜಿಗೆ ಎಲ್ಲ ಹೇಳಿದೆ. ಅವ್ವ ಹೋದದ್ದು, ಬೀಗ ತೆಗೆಯುವಾಗಿನ ಸದ್ದು, ಒಬ್ಬಳಿಗೇ ಎಂದು ಒಂದು ಮುಷ್ಟಿ ಅಕ್ಕಿ ಹಾಕುವಾಗ ಆಗುವ ಸಂಕಟ. ಕೆಳಗಿನ ಮನೆಯವರಿಗೆ ಇದರಲ್ಲಿ ಒಂದನ್ನೂ ನಾನು ಹೇಳಿದವಳಲ್ಲ. ಅವರು ದಿನಾ ಮೆಟ್ಟಿಲ ಹತ್ತಿರ ಸಿಗುತ್ತಾರೆ, ಹೇಗೆ ಹೇಳಲಿ? ಈ ಅಜ್ಜಿಯ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಇನ್ನೊಮ್ಮೆ ಸಿಗುವುದೂ ಇಲ್ಲ. ಅದಕ್ಕೇ ಬಾಯಿ ಬಿಚ್ಚಿತು. ಬಸ್ಸು ಇಳಿದು ಮನೆಯ ಕಡೆ ನಡೆಯುವಾಗ ಶೋಭಾ ಹೇಳಿದ್ದರ ಅರ್ಥ ನನಗೆ ತಿಳಿಯಿತು. ತಿಳಿದ ಮಾತ್ರಕ್ಕೆ ದುಃಖ ಕಡಿಮೆಯಾಗುತ್ತದೆಯೇ?

ಮೂನ್ ಲೇಡಿ ಶಾಲೆಗೆ ಬರುವುದು ನಿಂತಿತು. ಕೆನಡಾದವರು ಎರಡು ಸಲ ವಿಚಾರಿಸಿದರು. ಫಿನ್‌ಲ್ಯಾಂಡಿನವನು ಇದೇ ಸಮಯ ನೋಡಿ, ಆ ಆರರಿಂದ ಎಂಟರ ನಿಯಮ ತೆಗೆದುಬಿಡೋಣ, ಆಟಕ್ಕೆ ಅಡ್ಡಿಯಾಗುತ್ತದೆ ಎಂದ. ನಾನು ಹಟ ಹಿಡಿದೆ. ಬರೆದವಳು ಬರುವವರೆಗೆ ಯಾರೂ ಅದನ್ನು ಮುಟ್ಟಬಾರದು ಎಂದೆ. ಅವಳು ಬರುತ್ತಾಳೆ ಎನ್ನುವ ನಂಬಿಕೆ ನನಗೇ ಇರಲಿಲ್ಲ. ದಿನಾ ಕರೆಂಟು ಬಂದ ಕೂಡಲೇ ನೋಡುವುದು, ಮುಚ್ಚುವುದು. ಒಬ್ಬಳೇ ಇರುವುದು ನನಗೆ ರೂಢಿಯಾಗಿತ್ತು. ಗೆಳತಿ ಇದ್ದೂ ಒಬ್ಬಳೇ ಇರುವುದು ಹೊಸದು.

ಕಳೆದ ವಾರ ಮೆಸೇಜು ಬಂತು. ಇಂಗ್ಲಿಷಿನಲ್ಲಿ, ಅದೇ ಹರಕುಮುರುಕು. "ಡಿಯರ್ ಮಿಸ್ ಮಾರ್ಥಾ, ನಿಮ್ಮ ಲಂಡನ್ನಿನಲ್ಲಿ ಹವೆ ಹೇಗಿದೆ?"

ಕಿಟಕಿಯಾಚೆ ಜಮಖಂಡಿಯ ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ.

"ಇಲ್ಲಿ ಒಂದೇ ಸಮನೆ ಮಳೆ," ಎಂದು ಬರೆದೆ. "ವಿಪರೀತ ಥಂಡಿ. ನಿಮ್ಮ ಕಡೆ ಹೇಗೆ? ನಾನೆಂದೂ ನೋಡದ ಆ ನಿಮ್ಮ ಅತ್ತೆ ಹೇಗಿದ್ದಾರೆ?"

ಉದ್ದದ ಉತ್ತರ ಬಂತು. ತಿಂಗಳುಗಟ್ಟಲೆ ಕಟ್ಟಿಟ್ಟ ನೀರು ಬಿಟ್ಟ ಹಾಗೆ. ಅತ್ತೆ ಹೀಗೆ ಅಂದರು, ಹಾಗೆ ಅಂದರು. ಓದಿದೆ. "ಅಯ್ಯೋ ಪಾಪ" ಎಂದು ಬರೆದೆ. ಅವಳಿಗೆ ಸಮಾಧಾನವಾಯಿತು.

ಗೆಳತಿ ಇರುವುದು ಬಾಡಗಂಡಿಯಲ್ಲಿ. ಅವಳ ಜೊತೆ ನಾಲ್ಕು ಮಾತಾಡಬೇಕೆಂದರೆ ನಾನಿನ್ನು ಎಷ್ಟು ವರ್ಷ ಲಂಡನ್ನಿನಲ್ಲಿ ಇರಬೇಕು, ಹೇಳಿ?