ಬಾಲದ ಹಗ್ಗ ಹಿಡಿಯುವವರು

ಭಾರ ಎತ್ತಿಸುವುದು ನಮ್ಮ ಭಾವನ ಕಸುಬು. ಕಾರ್ಖಾನೆಯ ಯಂತ್ರವೋ ನೀರಿನ ಟ್ಯಾಂಕೋ, ಕ್ರೇನಿಗೆ ಕಟ್ಟಿ ಮಹಡಿಗೆ ಏರಿಸುವ ತಂಡಕ್ಕೆ ಅವರೇ ಮೇಸ್ತ್ರಿ. ಅವರ ಕೈಕೆಳಗೆ ಬೈಸಿಕೊಂಡು, ತಿರುಗಿ ಬೈದು, ತಲೆ ನರೆಸಿಕೊಂಡವನು ನಾನು.

ಅವರದೊಂದು ಪದ್ಧತಿ. ಭಾರಕ್ಕೆ ಬಿಗಿದ ಪಟ್ಟಿಗಳನ್ನು ಸವರಿ ನೋಡಿ, ಕೊಕ್ಕೆ ಜಗ್ಗಿ, ಸುತ್ತ ಬೇಲಿ ಕಟ್ಟಿಸಿ ಆದಮೇಲೆ, ಇನ್ನೇನು ಉಳಿಯಿತು ಎಂದು ಕೇಳುವರು. ಏನೂ ಇಲ್ಲ ಅಂದವನಿಗೆ ಆ ದಿನ ಕೆಲಸವಿಲ್ಲ. ಎಷ್ಟು ಭದ್ರ ಮಾಡಿದರೂ ಒಂದಿಷ್ಟು ಅಪಾಯ ಉಳಿದೇ ಉಳಿಯುತ್ತದೆ. ನಮ್ಮಲ್ಲಿ ಅದು ಭಾರಕ್ಕೆ ಕಟ್ಟಿ ಇಳಿಬಿಟ್ಟ ಬಾಲದ ಹಗ್ಗದ ಹತ್ತಿರ ಉಳಿಯುತ್ತದೆ. ತೂಗುವ ಭಾರ ಗಾಳಿಗೆ ತಿರುಗದ ಹಾಗೆ ಕೆಳಗೊಬ್ಬ ಆ ಹಗ್ಗ ಹಿಡಿದಿರಬೇಕು. ಬೇಲಿಯೊಳಗೆ ಇರುವವನು ಅವನೊಬ್ಬನೇ. ಉಳಿದದ್ದು ನನ್ನದು ಎಂದು ಭಾವ ಆ ಜಾಗವನ್ನು ಯಾರಿಗೂ ಬಿಟ್ಟವರಲ್ಲ.

ಈಗ ಅವರ ಮೊಣಕಾಲು ಕೈಕೊಟ್ಟಿದೆ. ಎಣ್ಣೆ ತಿಕ್ಕಿ ತಿಕ್ಕಿ ಅಕ್ಕ ಸೋತಳು. ಹಗ್ಗ ಬಿಡಿ ಅಂದರೆ, ಇನ್ನೊಬ್ಬರ ಮನೆಯವನನ್ನು ನಿಲ್ಲಿಸಲೇ ಎಂದು ಗೋಡೆಯ ಕಡೆ ಹೊರಳುವರಂತೆ.

ಮೊನ್ನೆ ಬಟ್ಟೆ ಕಾರ್ಖಾನೆಯಲ್ಲಿ ಬಾಯ್ಲರ್ ಎತ್ತುವುದಿತ್ತು. ಭಾವ ಹಗ್ಗಕ್ಕೆ ಕೈಹಾಕುವಾಗ ಅಕ್ಕ ಬುತ್ತಿ ಹಿಡಿದು ಬಂದಳು. ಬೇಲಿಯಾಚೆಯಿಂದಲೇ ಕೇಳಿದಳು.

"ಭಾರ ವಾಲಿದ್ರೆ ಅಲ್ಲಿ ನಿಂತೋರು ಏನ್ಮಾಡ್ಬೇಕು?"

"ಹಗ್ಗ ಬಿಟ್ಟು ಓಡ್ಬೇಕು."

"ಓಡಿ ತೋರ್ಸಿ, ನೋಡ್ತೀನಿ."

ಯಾರೂ ನಗಲಿಲ್ಲ. ಭಾವ ಹಗ್ಗ ಬಿಟ್ಟು ಓಡಲು ಹೊರಟರು. ಕುಂಟುತ್ತ ಬಂದು ಬೇಲಿಯ ಕಂಬ ಹಿಡಿದು ಉಸಿರು ತೆಗೆದುಕೊಂಡರು. ನನ್ನ ನಾಲಿಗೆ ಮೊದಲೇ ನನ್ನ ಮಾತು ಕೇಳುವಂಥದ್ದಲ್ಲ.

"ನೀವು ಮೈಮೇಲೆ ಹಾಕ್ಕೊಂಡ್ರೆ ಆ ಅಪಾಯ ಕಮ್ಮಿಯಾಗುತ್ತಾ ಭಾವಾ? ನಿಮ್ಮ ಕಾಲೂ ಸೇರ್ಕೊಂಡು ಹೆಚ್ಚೇ ಆಗಿದೆ."

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಮಂಡಿ ನೀವಿಕೊಂಡು, ಬಿಟ್ಟುಬಂದ ಹಗ್ಗದ ತುದಿಯನ್ನು ಎತ್ತಿ ತಂದು ನನ್ನ ಕಡೆ ಚಾಚಿದರು. ಬಾಯಿ ಮಾಡಿದವನಿಗೇ ಬಂತು. ಓಡುವ ದಾರಿ ಯಾವುದು ಎಂದು ಕೇಳಿದರು, ತೋರಿಸಿದೆ. ಅಲ್ಲಿ ಬಿದ್ದಿದ್ದ ಹಲಗೆಗಳನ್ನು ತೆಗೆಸಿದರು. ಆಮೇಲೆ ಬೇಲಿಯಾಚೆ ನಿಂತು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕಂಕುಳಲ್ಲಿ ಸಿಕ್ಕಿಸಿಕೊಂಡರು.

ಬಾಯ್ಲರ್ ನೆಲ ಬಿಟ್ಟಿತು. ಗಂಡನನ್ನು ಈಚೆ ತಂದ ಅಕ್ಕ ಮನೆಗೆ ಹೋಗಲಿಲ್ಲ. ಭಾರ ಮೇಲೆ ಕೂರುವ ತನಕ ಅಲ್ಲೇ ನಿಂತಿದ್ದಳು. ಈಗ ಒಳಗಿದ್ದವನು ಅವಳ ತಮ್ಮ.